ದೀಪಾವಳಿಯಿಂದ ಶಿವರಾತ್ರಿವರೆಗೆ ಅನೆಮೊನಿ

ಮೊದಲ ವರ್ಷ ಅನೆಮೊನಿ ಹೂವಿನ ಹತ್ತು ಗಡ್ಡೆ ತರಿಸಿದೆ, ಹತ್ತನ್ನೂ ಕೊಳೆಸಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ಚಿತ್ರದುರ್ಗದಲ್ಲಿ. ತಾರಸಿ ಹತ್ತಿದರೆ ಒಂದು ಕಡೆ ಕೋಟೆಯ ಬಂಡೆ, ಇನ್ನೊಂದು ಕಡೆ ದೂರದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು. ಅನೆಮೊನಿ ಅನ್ನೋ ಹೆಸರು ಬಂದಿರೋದು ಗ್ರೀಕ್ ಭಾಷೆಯಲ್ಲಿ ಗಾಳಿಗೆ ಇರುವ ಪದದಿಂದ. ಗಾಳಿ ಊರಿಗೆ ಗಾಳಿ ಹೂ ತಾನೇ, ಬರದೆ ಎಲ್ಲಿಗೆ ಹೋಗುತ್ತೆ ಅಂದುಕೊಂಡೆ. ಸೆಪ್ಟೆಂಬರ್‌ನಲ್ಲೇ, ಇನ್ನೂ ಮಳೆ ಬೀಳುತ್ತಿರುವಾಗ, ಗಡ್ಡೆಗಳನ್ನು ಇಡೀ ರಾತ್ರಿ ನೀರಲ್ಲಿ ನೆನೆಸಿ ಕುಂಡಕ್ಕೆ ಹಾಕಿದೆ. ದಿನಾ ಒಂದೊಂದು ಚೊಂಬು ನೀರು ಬೇರೆ. ಮೂರು ವಾರ ಬಿಟ್ಟು ಕೆದಕಿ ನೋಡಿದರೆ ಗಡ್ಡೆ ಬೆರಳಿಗೆ ಗೋಂದಿನ ಹಾಗೆ ಅಂಟಿತು. ವಾಸನೆ ಹೇಳೋದೇ ಬೇಡ.

ಆಮೇಲೆ ಕೂತು ಓದಿಕೊಂಡೆ. ಹೂವಿನಂಗಡಿಯ ಬೊಕೆಗಳಲ್ಲಿ ಕಾಣುವ ದೊಡ್ಡ ಹೂವಿನ ಜಾತಿ ಕೊರೊನೇರಿಯಾ. ಅದರ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. ಅಲ್ಲಿ ಮಳೆ ಬರೋದೇ ಚಳಿಗಾಲದಲ್ಲಿ. ಬೇಸಿಗೆ ಸುಡುವ ಹೊತ್ತಿಗೆ ಗಿಡ ಒಣಗಿ, ಗಡ್ಡೆ ಮಣ್ಣೊಳಗೆ ಮಲಗಿಬಿಡುತ್ತೆ. ಹಾಗಾಗಿ ನಮ್ಮ ಬೇಸಿಗೆಯಿಂದ ಅದಕ್ಕೆ ಅಂಥ ತೊಂದರೆ ಇಲ್ಲ. ತೊಂದರೆ ಇರೋದು ನಮ್ಮ ಚಳಿಗಾಲ ತುಂಬಾ ಗಿಡ್ಡ ಅನ್ನೋದರಲ್ಲಿ. ನೆಟ್ಟ ಮೇಲೆ ಹೂ ಬಿಡೋಕೆ ಸುಮಾರು ಮೂರು ತಿಂಗಳು ಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಅಷ್ಟರೊಳಗೆ ಅದರ ಕೆಲಸ ಮುಗಿದಿರಬೇಕು. ಹಿಂದಕ್ಕೆ ಲೆಕ್ಕ ಹಾಕಿದರೆ ದೀಪಾವಳಿ ಹೊತ್ತಿಗೆ ಮೊಳಕೆ ಬಂದ ಗಡ್ಡೆ ಕೈಯಲ್ಲಿರಬೇಕು. ಆದರೆ ಅಕ್ಟೋಬರ್‌ನಲ್ಲಿ ಮೊಳಕೆ ಬರಿಸುವಷ್ಟು ತಂಪು ನಮ್ಮೂರಲ್ಲಿ ಎಲ್ಲಿದೆ? ಫ್ರಿಜ್‌ನಲ್ಲಿದೆ.

ಎರಡನೇ ವರ್ಷ ಇಪ್ಪತ್ತು ಗಡ್ಡೆ ತರಿಸಿದೆ. ನೋಡೋಕೆ ಒಣಗಿದ ಶುಂಠಿ ಚೂರುಗಳ ಹಾಗೆ, ಕರ್ರಗೆ, ಕಲ್ಲಿನಂತೆ ಗಟ್ಟಿ. ನಾಲ್ಕೇ ಗಂಟೆ ನೆನೆಸಿದೆ. ಅಷ್ಟರಲ್ಲೇ ಉಬ್ಬಿ ಹೆಚ್ಚುಕಮ್ಮಿ ಎರಡರಷ್ಟಾದವು. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆ ಇರುವ ತೆಂಗಿನ ನಾರಿನ ಪುಡಿಯಲ್ಲಿ ಹೂತು, ತೂತು ಮಾಡಿದ ಡಬ್ಬಿಯಲ್ಲಿ ಹಾಕಿ, ಫ್ರಿಜ್‌ನ ಕೆಳಗಿನ ತರಕಾರಿ ಖಾನೆಯಲ್ಲಿಟ್ಟೆ. ಮೂರು ವಾರ. ವಾರಕ್ಕೊಮ್ಮೆ ತೆಗೆದು, ಬೂಷ್ಟು ಬಂದವನ್ನು ಎಸೆಯೋದು.

ಇಲ್ಲೊಂದು ಎಚ್ಚರಿಕೆ. ನಾನು ಶಾಲೆಗೆ ಹೋಗಿದ್ದ ದಿನ ನಮ್ಮತ್ತೆ ಆ ಡಬ್ಬಿ ತೆಗೆದು ನೋಡಿದ್ದಾರೆ. ಸಂಜೆ ಬಂದ ಕೂಡಲೇ, "ಏನ್ ಕಣಮ್ಮ, ಶುಂಠೀನ ಮಣ್ಣಲ್ಲಿ ಹಾಕಿ ಫ್ರಿಜ್ಜಲ್ಲಿ ಇಟ್ಟಿದ್ದೀಯ? ಕಷಾಯಕ್ಕೆ ಒಂದು ಚೂರು ತಗೊಳ್ಳೋಣ ಅಂದ್ಕೊಂಡೆ" ಅಂದರು. ನನ್ನ ಎದೆ ಧಸಕ್ಕೆಂದಿತು. ಅನೆಮೊನಿಯ ಬೇರಿಂದ ಹೂವಿನವರೆಗೂ ವಿಷವಿದೆ. ತಿಂದರೆ ಬಾಯಿ, ಹೊಟ್ಟೆ ಉರಿಯುತ್ತೆ, ರಸ ತಾಗಿದರೆ ಕೆಲವರ ಚರ್ಮ ಕೆರೆಯುತ್ತೆ. "ಅತ್ತೆ, ದಮ್ಮಯ್ಯ, ಅದನ್ನ ಮುಟ್ಟಬೇಡಿ" ಅಂದೆ. ಅವತ್ತಿಂದ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸುತ್ತೇನೆ. ಕಟ್ ಮಾಡುವಾಗ ಕೈಗವಸು ಕೂಡ ಹಾಕಿಕೊಳ್ಳುತ್ತೇನೆ.

ನವೆಂಬರ್ ಮೊದಲ ವಾರ ಹತ್ತು ಇಂಚಿನ ಮಣ್ಣಿನ ಕುಂಡಕ್ಕೆ ನಾಲ್ಕರಂತೆ ನೆಟ್ಟೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಪ್ಲಾಸ್ಟಿಕ್ ಕುಂಡ ಬೇಡ, ನೀರು ಆರೋದಿಲ್ಲ. ಐದು ಸೆಂಟಿಮೀಟರ್ ಆಳ ಸಾಕು. ಚೂಪು ತುದಿ ಕೆಳಗೆ ಬರಬೇಕು, ಮೊಳಕೆ ಬಂದಿದ್ದರೆ ಗೊಂದಲವೇ ಇಲ್ಲ. ತಲೆ ಬುಡ ಗೊತ್ತಾಗದ ಗಡ್ಡೆಯನ್ನು ಅಡ್ಡ ಮಲಗಿಸಿಬಿಡಿ, ದಾರಿ ಅದೇ ಹುಡುಕಿಕೊಳ್ಳುತ್ತೆ. ನೀರು ಮಾತ್ರ ಬೆರಳಿನ ಒಂದು ಗೆಣ್ಣಿನಷ್ಟು ಮಣ್ಣು ಒಣಗಿದ ಮೇಲೆ. ಕುಂಡಗಳನ್ನು ಪೂರ್ವದ ಗೋಡೆ ಪಕ್ಕ ಇಟ್ಟೆ, ಬೆಳಿಗ್ಗೆ ಹನ್ನೊಂದರವರೆಗೆ ಬಿಸಿಲು, ಆಮೇಲೆ ನೆರಳು. ಅಳಿಲು ಎರಡು ಗಡ್ಡೆ ಕೆದರಿ ಹಾಕಿತ್ತು. ಕುಂಡದ ಮೇಲೆ ಹಳೇ ಸೊಳ್ಳೆ ಜಾಲರಿ ಕಟ್ಟಿದೆ.

ಕೊತ್ತಂಬರಿ ಸೊಪ್ಪಿನಂಥ ಎಲೆ ಬಂತು. ಜನವರಿ ಕೊನೆಗೆ ಮೊದಲ ಮೊಗ್ಗು, ತಲೆ ಬಗ್ಗಿಸಿಕೊಂಡು, ಕೆಳಗೆ ಸೀಳು ಎಲೆಗಳ ಕೊರಳಪಟ್ಟಿ ಕಟ್ಟಿಕೊಂಡು. ಸಂಕ್ರಾಂತಿ ಮುಗಿದಿತ್ತು, ನಾನು ಆಸೆ ಬಿಟ್ಟಿದ್ದೆ. ಬಿಸಿಲು ಬಿದ್ದ ಮೇಲೆ ಅರಳಿತು. ರಕ್ತಗೆಂಪು, ನಡುವೆ ಬಿಳಿ ಉಂಗುರ, ಅದರೊಳಗೆ ಕಪ್ಪು ಗುಂಡಿ, ಸುತ್ತ ಕಪ್ಪು ಕೇಸರಗಳು. ಸಂಜೆಗೆ ಮುಚ್ಚಿಕೊಂಡಿತು, ಮರುದಿನ ಮತ್ತೆ ತೆರೆಯಿತು. ಒಂದು ವಿಚಿತ್ರ ಅಂದರೆ, ಅರಳಿದ ಮೇಲೂ ಹೂವಿನ ಕತ್ತು ಬೆಳೆಯುತ್ತಲೇ ಇರುತ್ತೆ. ಕೊರಳಪಟ್ಟಿಗೂ ಹೂವಿಗೂ ನಡುವೆ ಒಂದಷ್ಟು ಸಂದು ಬಿದ್ದಾಗ ಕತ್ತರಿಸಿದರೆ ಹೂದಾನಿಯಲ್ಲಿ ಜಾಸ್ತಿ ದಿನ ಬಾಳುತ್ತೆ. ಇಪ್ಪತ್ತರಲ್ಲಿ ಹದಿಮೂರು ಚಿಗುರಿ, ಒಂಬತ್ತು ಹೂ ಬಿಟ್ಟವು. ಕಾಂಡ ಗೇಣುದ್ದ ಅಷ್ಟೇ, ಬೊಕೆಯ ಹೂಗಳ ಉದ್ದ ನಮ್ಮಲ್ಲಿ ಬರಲಿಲ್ಲ. ಎಲೆ ಹಿಂದೆ ಹೇನು ಕೂತಾಗ ಬೇವಿನೆಣ್ಣೆ ಸಿಂಪಡಿಸಿದೆ.

ತಳಿಗಳಲ್ಲಿ ನನ್ನ ಮೆಚ್ಚು ಒಂದೇ ಸುತ್ತಿನ ಡೆ ಕಾನ್. ಕೆಂಪು ಹಾಲೆಂಡಿಯಾ, ನೇರಳೆ ಮಿಸ್ಟರ್ ಫೋಕರ್, ಬಿಳಿ ದಿ ಬ್ರೈಡ್ ಎಲ್ಲ ಇದೇ ಗುಂಪು. ಸೇಂಟ್ ಬ್ರಿಜಿಡ್ ಗುಂಪಿನದು ಸುತ್ತುಗಟ್ಟಿದ ಹೂ. ಅದನ್ನೂ ಬೆಳೆದೆ, ಚೆನ್ನಾಗಿಯೇ ಬಂತು, ಆದರೆ ಸೇವಂತಿಗೆ ಇರುವ ಮನೆಯಲ್ಲಿ ಅದು ಬೇಕಾ ಅನ್ನಿಸಿತು.

ಬ್ಲಾಂಡಾ ಅನ್ನೋ ಪುಟ್ಟ ನೀಲಿ ಜಾತಿ ಎರಡು ಎಲೆ ಬಿಟ್ಟು ಸುಮ್ನೆ ಕೂತಿತು. ಅದಕ್ಕೆ ಬೇಕಾದ ಚಳಿ ನನ್ನ ಫ್ರಿಜ್ ಮೂರು ವಾರದಲ್ಲಿ ಕೊಡಲಾರದು. ಜಪಾನಿ ಅನೆಮೊನಿಗೆ ಗಡ್ಡೆ ಇಲ್ಲ, ನಾರುಬೇರು. ಆಳೆತ್ತರ ಬೆಳೆದು ಬೇಸಿಗೆ ಕೊನೆಗೆ, ಶರತ್ಕಾಲದಲ್ಲಿ ಹೂ ಬಿಡೋ ಗಿಡ. ಅಂದರೆ ನಮ್ಮ ಏಪ್ರಿಲ್, ಮೇ ತಿಂಗಳನ್ನು ಅದು ಎಚ್ಚರವಾಗಿಯೇ ಕಳೆಯಬೇಕು. ನಿಂಬೆ ಗಿಡದ ನೆರಳಲ್ಲಿಟ್ಟು, ದಿನಕ್ಕೆರಡು ಸಲ ನೀರು ಹಾಕಿದೆ. ಏಪ್ರಿಲ್‌ನಲ್ಲಿ ಎಲೆಯ ಅಂಚು ಹಪ್ಪಳದ ಹಾಗೆ ಸುಟ್ಟಿತು, ಮೇ ತಿಂಗಳಲ್ಲಿ ಗಿಡವೇ ಹೋಯಿತು.

ಹೂ ಮುಗಿದ ಕೊರೊನೇರಿಯಾ ಗಡ್ಡೆಗಳನ್ನು ಮಾರ್ಚ್‌ನಲ್ಲಿ ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಕಿತ್ತು, ಒಣ ಮರಳಲ್ಲಿ ಇಟ್ಟಿದ್ದೆ. ಒಂಬತ್ತರಲ್ಲಿ ಮೂರು ಮಾತ್ರ ಮತ್ತೆ ಚಿಗುರಿದವು. ಈಗ ಪ್ರತಿ ವರ್ಷ ಹೊಸದನ್ನೇ ತರಿಸುತ್ತೇನೆ, ಸ್ವಲ್ಪ ದಪ್ಪನೆಯ ಗಡ್ಡೆಗಳನ್ನು. ಜಪಾನಿಯ ಕುಂಡದಲ್ಲಿ ಈಗ ಅತ್ತೆಯ ಕನಕಾಂಬರ ಇದೆ.