ಲಂಡನ್ನಿನ ಬರೋ ಚುನಾವಣೆ: ಫಲಿತಾಂಶದ ಹಾಳೆ ಓದುವುದು ಹೇಗೆ?

2022ರ ಮೇ ತಿಂಗಳು. ಲಂಡನ್ನಿನ ಲ್ಯಾಂಬೆತ್‌ನಲ್ಲಿರುವ ನನ್ನ ತಂಗಿ ವಾಟ್ಸ್ಆ್ಯಪ್‌ನಲ್ಲಿ ಒಂದು ಹಾಳೆಯ ಫೋಟೊ ಕಳಿಸಿದಳು. ಅವಳ ವಾರ್ಡಿನ ಕೌನ್ಸಿಲ್ (ನಮ್ಮ ಪಾಲಿಕೆಯಂಥ ಸ್ಥಳೀಯ ಸಂಸ್ಥೆ) ಚುನಾವಣೆ ಫಲಿತಾಂಶ. ಕೆಳಗೆ ಒಂದು ಸಾಲು: 'ಅಕ್ಕಾ, ಇದರಲ್ಲಿ ಮೂರು ಜನ ಗೆದ್ದಿದ್ದಾರೆ ಅಂತ ಇದೆ. ಒಂದು ವಾರ್ಡಿಗೆ ಮೂರು ಜನ ಹೇಗೆ?'

ಆವತ್ತು ರಾತ್ರಿ ಇಬ್ಬರೂ ಫೋನಿನಲ್ಲಿ ಕೂತು ಆ ಹಾಳೆಯನ್ನು ಸಾಲು ಸಾಲಾಗಿ ಓದಿದೆವು. ಇಂಗ್ಲೆಂಡಿನಲ್ಲಿ ಕನ್ನಡದ ಮನೆಗಳು ಈಗ ಬಹಳ ಇವೆ. ಅವರೆಲ್ಲ ಪ್ರತಿ ತಿಂಗಳು ಕೌನ್ಸಿಲ್ ತೆರಿಗೆ ಕಟ್ಟುತ್ತಾರೆ. ಆ ದುಡ್ಡನ್ನು ಖರ್ಚು ಮಾಡುವವರು ಯಾರು, ಅವರು ಆರಿಸಿ ಬಂದದ್ದು ಹೇಗೆ ಅಂತ ಗೊತ್ತಿರಬೇಕು ಅಲ್ವಾ? ಅದಕ್ಕೇ ಈ ಲೇಖನ. ಉದಾಹರಣೆಗೆ ಲ್ಯಾಂಬೆತ್ ಅನ್ನೇ ಇಟ್ಟುಕೊಳ್ಳೋಣ.

ಹೆಜ್ಜೆ 1: ಇದು ಯಾವ ಚುನಾವಣೆ ಅಂತ ಖಚಿತ ಮಾಡಿಕೊಳ್ಳಿ

ಲಂಡನ್ನಿನಲ್ಲಿ 32 ಬರೋಗಳಿವೆ. ಬರೋ ಅಂದರೆ ತನ್ನದೇ ಆದ ಕೌನ್ಸಿಲ್ ಇರುವ ಪಟ್ಟಣದ ಒಂದು ಭಾಗ. ಕಸ ಎತ್ತುವುದು, ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಗಳು, ಲೈಬ್ರರಿ, ಪಾರ್ಕಿಂಗ್, ಮನೆ ಕಟ್ಟಲು ಪರವಾನಗಿ, ವಯಸ್ಸಾದವರ ಆರೈಕೆ ಎಲ್ಲ ಇದರ ಕೆಲಸ. ಭೂಗತ ರೈಲು ಮತ್ತು ಪೊಲೀಸ್ ಇದರ ಕೈಯಲ್ಲಿಲ್ಲ. ಅವು ಇಡೀ ಲಂಡನ್ನಿನ ಮೇಯರ್‌ಗೆ ಸೇರಿದವು. ಆ ಮೇಯರ್ ಚುನಾವಣೆಯೇ ಬೇರೆ. ಸಂಸತ್ ಚುನಾವಣೆಯಂತೂ ಇನ್ನೂ ಬೇರೆ.

ಲಂಡನ್ ಬರೋಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ, ಮೇ ತಿಂಗಳ ಒಂದು ಗುರುವಾರ, ಎಲ್ಲ ಸ್ಥಾನಗಳಿಗೂ ಒಟ್ಟಿಗೆ ಮತದಾನ ನಡೆಯುತ್ತದೆ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಮತಯಂತ್ರ ಇಲ್ಲ. ಕಾಗದದ ಚೀಟಿಯ ಮೇಲೆ ಪೆನ್ಸಿಲ್ಲಿನಿಂದ ಕತ್ತರಿ ಗುರುತು (X) ಹಾಕಬೇಕು.

ಲಂಡನ್ ಆಚೆ ನಿಮ್ಮವರಿದ್ದರೆ ಒಂದು ಎಚ್ಚರಿಕೆ. ಬೋಲ್ಟನ್‌ನಂಥ ಬರೋಗಳಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಮೂರನೇ ಒಂದು ಭಾಗದ ಸ್ಥಾನಗಳಿಗೆ ಮಾತ್ರ ಚುನಾವಣೆ. ಅಲ್ಲಿ 'ಇವತ್ತು ಗೆದ್ದ ಸ್ಥಾನ' ಬೇರೆ, 'ಈಗ ಕೌನ್ಸಿಲ್‌ನಲ್ಲಿರುವ ಬಲ' ಬೇರೆ. ಎರಡನೆಯ ಲೆಕ್ಕವನ್ನೇ ನೋಡಬೇಕು.

ಹೆಜ್ಜೆ 2: ವಾರ್ಡಿಗೆ ಎಷ್ಟು ಸ್ಥಾನ ಅಂತ ನೋಡಿ

ತಂಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆಂಗಳೂರಿನಲ್ಲೇ ಬೆಳೆದವರಿಗೆ ಒಂದು ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಅನ್ನುವುದೇ ರೂಢಿ. ಆದರೆ ನಮ್ಮ ಅಪ್ಪನ ಊರಿನ ಗ್ರಾಮ ಪಂಚಾಯ್ತಿ ಚುನಾವಣೆ ನೆನಪಿಸಿಕೋ ಅಂದೆ. ಅಲ್ಲಿ ಒಂದೇ ವಾರ್ಡಿಗೆ ಎರಡು, ಮೂರು ಸ್ಥಾನ ಇರುತ್ತವೆ. ಎಷ್ಟು ಸ್ಥಾನವೋ ಅಷ್ಟು ಓಟು. 'ಓ, ಅದೇನಾ!' ಅಂದಳು. ಅದೇ. ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಇಲ್ಲಿ ಇರುತ್ತದೆ.

ಲ್ಯಾಂಬೆತ್‌ನಲ್ಲಿ 2022ರಲ್ಲಿ 25 ವಾರ್ಡುಗಳು, 63 ಸ್ಥಾನಗಳು. ಕೆಲವಕ್ಕೆ ಇಬ್ಬರು, ಕೆಲವಕ್ಕೆ ಮೂವರು ಕೌನ್ಸಿಲರ್‌ಗಳು. ಮೂರು ಸ್ಥಾನದ ವಾರ್ಡಿನಲ್ಲಿ ಮತದಾರರು ಮೂರು ಗುರುತು ಹಾಕಬಹುದು. ಒಬ್ಬರಿಗೇ ಮೂರೂ ಹಾಕುವಂತಿಲ್ಲ. ಮೂರೂ ಹಾಕಲೇಬೇಕೆಂದಿಲ್ಲ, ಒಂದು ಹಾಕಿದರೂ ಸಾಕು. ಮೂರನ್ನು ಮೂರು ಪಕ್ಷಕ್ಕೆ ಹಂಚಲೂಬಹುದು.

ಎಣಿಸುವವರಿಗೆ ಇದರಿಂದ ಕೆಲಸ ಜಾಸ್ತಿ. ಮೊದಲು ಪ್ರತಿ ಪೆಟ್ಟಿಗೆಯಲ್ಲಿರುವ ಚೀಟಿಗಳ ಸಂಖ್ಯೆ ಮತಗಟ್ಟೆಯ ಲೆಕ್ಕಕ್ಕೆ ಹೊಂದುತ್ತದೆಯೇ ನೋಡುತ್ತಾರೆ. ಆಮೇಲೆ ಎಲ್ಲ ಗುರುತುಗಳೂ ಒಂದೇ ಪಕ್ಷಕ್ಕಿರುವ ಚೀಟಿಗಳನ್ನು ಬೇರೆ ಕಟ್ಟು ಕಟ್ಟುತ್ತಾರೆ. ಅವನ್ನು ಬೇಗ ಎಣಿಸಬಹುದು. ಬೆರಕೆ ಚೀಟಿಗಳೇ ಕಷ್ಟ. ಅವನ್ನು ಒಂದರ ಕೆಳಗೊಂದು ಬರುವಂತೆ ದೊಡ್ಡ ಹಾಳೆಗೆ ಅಂಟಿಸಿ, ಸಾಲು ಹಿಡಿದು ಲೆಕ್ಕ ಹಾಕುವ ಪದ್ಧತಿ ಒಂದಿದೆ. ಅಂಟಿಸಿದ ಹಾಳೆ ಹುಲ್ಲಿನ ಲಂಗದ ಹಾಗೆ ಕಾಣುತ್ತದೆ, ಎಣಿಸುವವರು ಅದನ್ನು ಕರೆಯುವುದೂ ಹಾಗೆಯೇ.

ಹೆಜ್ಜೆ 3: ಹಾಳೆಯ ಮೇಲಿನ ಹೆಸರುಗಳನ್ನು ಪಕ್ಷವಾರು ಜೋಡಿಸಿಕೊಳ್ಳಿ

ಚುನಾವಣಾಧಿಕಾರಿ ಪ್ರಕಟಿಸುವ ಹಾಳೆಯಲ್ಲಿ ಅಭ್ಯರ್ಥಿಗಳು ಮನೆತನದ ಹೆಸರಿನ ಅಕ್ಷರ ಕ್ರಮದಲ್ಲಿರುತ್ತಾರೆ. ಪಕ್ಕದಲ್ಲಿ ಪಕ್ಷ, ಬಿದ್ದ ಮತ, ಗೆದ್ದಿದ್ದರೆ ಗೆದ್ದ ಗುರುತು. ಹಾಗೇ ಓದಿದರೆ ಏನೂ ಅರ್ಥವಾಗುವುದಿಲ್ಲ. ಒಂದು ಖಾಲಿ ಕಾಗದ ತೆಗೆದುಕೊಂಡು ಪಕ್ಷವಾರು ಬರೆದುಕೊಳ್ಳಿ.

ಒಂದು ಕಾಲ್ಪನಿಕ ವಾರ್ಡು ತೆಗೆದುಕೊಳ್ಳೋಣ. 10,000 ಮತದಾರರು, ಮೂರು ಸ್ಥಾನ. ಲೇಬರ್ ಪಕ್ಷದ ಮೂವರಿಗೆ 1,700, 1,620 ಮತ್ತು 1,540 ಮತ. ಗ್ರೀನ್ ಪಕ್ಷದವರಿಗೆ 1,580, 1,200, 1,100. ಕನ್ಸರ್ವೇಟಿವ್ ಪಕ್ಷದವರಿಗೆ 600, 540, 520. ಇಡೀ ಪಟ್ಟಿಯಲ್ಲಿ ಮೇಲಿನ ಮೂರು ಸಂಖ್ಯೆ ಯಾವುವು? 1,700, 1,620, 1,580. ಅಂದರೆ ಲೇಬರ್‌ನ ಇಬ್ಬರು, ಗ್ರೀನ್‌ನ ಒಬ್ಬರು ಗೆದ್ದರು. ಲೇಬರ್‌ನ ಮೂರನೆಯವರು 40 ಮತದಿಂದ ಸೋತರು.

ಈಗ ಗ್ರೀನ್ ಪಕ್ಷದ ಮೂರು ಸಂಖ್ಯೆಗಳ ನಡುವಿನ ಅಂತರ ನೋಡಿ. ಮೊದಲನೆಯವರಿಗೆ ತಮ್ಮ ಪಕ್ಷದವರಿಗಿಂತಲೇ 380, 480 ಮತ ಜಾಸ್ತಿ. ಇವರು ಬೀದಿಯ ಜನಕ್ಕೆ ಗೊತ್ತಿರುವ ಮುಖ, ಬೇರೆ ಪಕ್ಷದವರೂ ಒಂದು ಓಟು ಇವರಿಗೆ ಹಾಕಿದ್ದಾರೆ ಅಂತ ಊಹಿಸಬಹುದು. ಮೂವರಿಗೂ ಹೆಚ್ಚುಕಡಿಮೆ ಒಂದೇ ಮತ ಬಿದ್ದಿದ್ದರೆ, ಜನ ಪಕ್ಷ ನೋಡಿ ಹಾಕಿದ್ದಾರೆ ಅಂತ ಅರ್ಥ. ಇಡೀ ಹಾಳೆಯಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಇದೇ. ವಾರ್ಡಿನ ಮನಸ್ಸು ಇಲ್ಲಿ ಕಾಣುತ್ತದೆ. ಅಕ್ಷರ ಕ್ರಮವನ್ನೂ ಮರೆಯಬೇಡಿ. ಒಂದೇ ಪಕ್ಷದವರಲ್ಲಿ ಪಟ್ಟಿಯ ಮೇಲ್ಭಾಗದಲ್ಲಿ ಹೆಸರಿರುವವರಿಗೆ ಸ್ವಲ್ಪ ಹೆಚ್ಚು ಮತ ಬೀಳುವುದು ಇಂಥ ಚುನಾವಣೆಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಇನ್ನು ಶೇಕಡಾ ಲೆಕ್ಕ. ಇಲ್ಲಿ ಹುಷಾರಾಗಿರಬೇಕು. ಮೇಲಿನ ವಾರ್ಡಿನಲ್ಲೇ ಪ್ರತಿ ಪಕ್ಷದ ಅತಿ ಹೆಚ್ಚು ಮತ ಪಡೆದವರನ್ನು ಮಾತ್ರ ಹಿಡಿದರೆ ಲೇಬರ್‌ಗೆ ಶೇ 43.8, ಗ್ರೀನ್‌ಗೆ ಶೇ 40.7. ಎಲ್ಲ ಅಭ್ಯರ್ಥಿಗಳ ಮತ ಕೂಡಿಸಿ ಹಾಕಿದರೆ ಲೇಬರ್‌ಗೆ ಶೇ 46.7, ಗ್ರೀನ್‌ಗೆ ಶೇ 37.3. ಎರಡೂ ಸರಿಯೇ, ಲೆಕ್ಕದ ದಾರಿ ಬೇರೆ. ಎರಡು ಪತ್ರಿಕೆಗಳು ಬೇರೆ ಬೇರೆ ಶೇಕಡಾ ಕೊಟ್ಟರೆ ಯಾರೋ ಸುಳ್ಳು ಬರೆದಿದ್ದಾರೆ ಅಂದುಕೊಳ್ಳಬೇಡಿ. ಯಾವ ದಾರಿ ಹಿಡಿದಿದ್ದಾರೆ ಅಂತ ಹುಡುಕಿ.

ಹೆಜ್ಜೆ 4: ಕೆಳಗಿನ ಸಣ್ಣ ಅಕ್ಷರ

ಅಭ್ಯರ್ಥಿಗಳ ಪಟ್ಟಿಯ ಕೆಳಗೆ ತಿರಸ್ಕೃತ ಚೀಟಿಗಳ ಲೆಕ್ಕ ಇರುತ್ತದೆ, ಕಾರಣದ ಸಮೇತ. ಅಧಿಕೃತ ಗುರುತು ಇಲ್ಲದ್ದು, ಹಕ್ಕಿಗಿಂತ ಹೆಚ್ಚು ಜನಕ್ಕೆ ಮತ ಹಾಕಿದ್ದು, ಮತದಾರ ಯಾರೆಂದು ಗೊತ್ತಾಗುವಂತೆ ಬರೆದದ್ದು, ಖಾಲಿ ಬಿಟ್ಟದ್ದು ಅಥವಾ ಯಾರಿಗೆ ಅಂತ ತಿಳಿಯದ್ದು. ಸೋಲು ಗೆಲುವಿನ ಅಂತರ ಸಣ್ಣದಿದ್ದಾಗ ಈ ಸಾಲು ಮುಖ್ಯ.

ಮತ ಸಮ ಬಂದರೆ? ಅದೃಷ್ಟ ಎತ್ತುತ್ತಾರೆ. 2017ರಲ್ಲಿ ನಾರ್ತಂಬರ್ಲ್ಯಾಂಡ್ ಕೌಂಟಿಯ ಸೌತ್ ಬ್ಲೈತ್ ವಾರ್ಡಿನಲ್ಲಿ ಇಬ್ಬರಿಗೆ ತಲಾ 356 ಮತ ಬಂತು. ಮತ್ತೆ ಎಣಿಸಿದರೂ ಅಷ್ಟೇ. ಕೊನೆಗೆ ಕಡ್ಡಿ ಎತ್ತಿಸಿದರು. ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗೆ ಉದ್ದ ಕಡ್ಡಿ ಬಂತು, ಅವರು ಗೆದ್ದರು. ಸೋತವರು ಕನ್ಸರ್ವೇಟಿವ್ ಅಭ್ಯರ್ಥಿ. ಅದೊಂದು ಸ್ಥಾನ ತಪ್ಪಿದ್ದರಿಂದ ಕನ್ಸರ್ವೇಟಿವ್ ಪಕ್ಷಕ್ಕೆ ಇಡೀ ಕೌನ್ಸಿಲ್‌ನ ಬಹುಮತವೇ ತಪ್ಪಿತು. 'ನನ್ನ ಒಂದು ಓಟಿನಿಂದ ಏನಾಗುತ್ತೆ' ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಶೇಕಡಾ ಮತದಾನವೂ ಇಲ್ಲೇ ಸಿಗುತ್ತದೆ. ಲಂಡನ್ ಬರೋಗಳಲ್ಲಿ 2018ರಲ್ಲೂ 2022ರಲ್ಲೂ ಒಟ್ಟಾರೆ ಮತದಾನ ಶೇ 40 ಮುಟ್ಟಲಿಲ್ಲ. ಠೇವಣಿಯ ಸುದ್ದಿ ಹುಡುಕಬೇಡಿ. ಇಲ್ಲಿ ಕೌನ್ಸಿಲ್ ಚುನಾವಣೆಗೆ ಠೇವಣಿಯೇ ಇಲ್ಲ, ಕಳೆದುಕೊಳ್ಳುವ ಮಾತೂ ಇಲ್ಲ.

ಹೆಜ್ಜೆ 5: ಈಗ ಇಡೀ ಕೌನ್ಸಿಲ್ ನೋಡಿ

63ರಲ್ಲಿ ಬಹುಮತಕ್ಕೆ 32 ಬೇಕು. 2022ರಲ್ಲಿ ಲ್ಯಾಂಬೆತ್‌ನಲ್ಲಿ ಲೇಬರ್ 58, ಲಿಬರಲ್ ಡೆಮಾಕ್ರಟ್ 3, ಗ್ರೀನ್ 2. ಕನ್ಸರ್ವೇಟಿವ್ ಒಂದೂ ಇಲ್ಲ. 2018ರಲ್ಲಿ ಲೇಬರ್ 57, ಗ್ರೀನ್ 5, ಕನ್ಸರ್ವೇಟಿವ್ 1 ಇತ್ತು.

ನೂರಕ್ಕೆ 92 ಸ್ಥಾನ ಲೇಬರ್‌ಗೆ. ಹಾಗಂತ ನೂರಕ್ಕೆ 92 ಜನ ಲೇಬರ್‌ಗೆ ಹಾಕಿದರು ಅಂತಲ್ಲ. ಮತದ ಪಾಲು ಅದಕ್ಕಿಂತ ಬಹಳ ಕಡಿಮೆ. ಪ್ರತಿ ವಾರ್ಡಿನಲ್ಲೂ ಸ್ವಲ್ಪ ಮುಂದಿದ್ದ ಪಕ್ಷ ಹೆಚ್ಚಾಗಿ ಎರಡೂ ಮೂರೂ ಸ್ಥಾನ ಬಾಚಿಕೊಳ್ಳುತ್ತದೆ. ಪಕ್ಕದ ವಾಂಡ್ಸ್‌ವರ್ತ್‌ನಲ್ಲಿ 2018ರಲ್ಲಿ ಉಲ್ಟಾ ಆಗಿತ್ತು. ಒಟ್ಟು ಮತದಲ್ಲಿ ಲೇಬರ್ ಕೂದಲೆಳೆ ಮುಂದಿದ್ದರೂ ಸ್ಥಾನಗಳಲ್ಲಿ ಗೆದ್ದದ್ದು ಕನ್ಸರ್ವೇಟಿವ್. 1978ರಿಂದ ಅವರ ಕೈಯಲ್ಲಿದ್ದ ಆ ಕೌನ್ಸಿಲ್ 2022ರಲ್ಲಿ ಲೇಬರ್‌ಗೆ ಹೋಯಿತು. ಅದೇ ವರ್ಷ ವೆಸ್ಟ್‌ಮಿನ್‌ಸ್ಟರ್ ಮತ್ತು ಬಾರ್ನೆಟ್ ಕೂಡ ಮೊದಲ ಬಾರಿಗೆ ಲೇಬರ್ ಕೈಗೆ ಬಂದವು.

ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಅತಂತ್ರ. ಆಗ ಹೊಂದಾಣಿಕೆ ಮಾತುಕತೆ ನಡೆಯುತ್ತದೆ, ನಮ್ಮಲ್ಲಿ ನಡೆಯುವ ಹಾಗೆಯೇ.

ಹಿಂದಿನ ಸಲಕ್ಕೆ ಹೋಲಿಸುವ ಮೊದಲು ವಾರ್ಡಿನ ಗಡಿ ಬದಲಾಗಿದೆಯಾ ನೋಡಿ. ಲ್ಯಾಂಬೆತ್‌ನಲ್ಲಿ 2018ರವರೆಗೆ 21 ವಾರ್ಡುಗಳಿದ್ದವು, ಪ್ರತಿಯೊಂದಕ್ಕೂ ಮೂರು ಸ್ಥಾನ. 2022ಕ್ಕೆ ಹೊಸ ಗಡಿ ಬಂತು. ಹೆಸರು ಅದೇ ಇದ್ದರೂ ಬೀದಿಗಳು ಅವೇ ಇರಬೇಕೆಂದಿಲ್ಲ.

ಹೆಜ್ಜೆ 6: ಅಧಿಕಾರ ಯಾರ ಕೈಯಲ್ಲಿ?

ನಮ್ಮವರು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ. ಲ್ಯಾಂಬೆತ್‌ನಂಥ ಬರೋದಲ್ಲಿ ಆಡಳಿತ ನಡೆಸುವವರು ಕೌನ್ಸಿಲ್‌ನ ನಾಯಕ. ಗೆದ್ದ ಕೌನ್ಸಿಲರ್‌ಗಳು ತಮ್ಮೊಳಗೆ ಅವರನ್ನು ಆರಿಸುತ್ತಾರೆ. ನಾಯಕರ ಜತೆ ಮಂತ್ರಿಮಂಡಲದಂಥ ಒಂದು ತಂಡ ಇರುತ್ತದೆ. ಮೇಯರ್ ಕೂಡ ಇರುತ್ತಾರೆ. ಅವರು ವರ್ಷಕ್ಕೊಮ್ಮೆ ಬದಲಾಗುವ, ಸಭೆಯ ಅಧ್ಯಕ್ಷತೆ ವಹಿಸುವ, ಬರೋದ ಗೌರವದ ಮುಖ.

2010ರಿಂದ 2011ರವರೆಗೆ ಲ್ಯಾಂಬೆತ್‌ನ ಆ ಮೇಯರ್ ಕುರ್ಚಿಯಲ್ಲಿ ಕೂತಿದ್ದವರು ಕಲಬುರಗಿ ಜಿಲ್ಲೆಯ ಕಮಲಾಪುರದ ಡಾ. ನೀರಜ್ ಪಾಟೀಲ್. ಲೇಬರ್ ಪಕ್ಷದಿಂದ ಗೆದ್ದ ಕೌನ್ಸಿಲರ್ ಅವರು. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಲು ಓಡಾಡಿದವರೂ ಅವರೇ. 2015ರ ನವೆಂಬರ್ 14ರಂದು ಅದು ಅನಾವರಣಗೊಂಡಿತು. ಆ ದಡವೂ ಲ್ಯಾಂಬೆತ್ ಬರೋದ್ದೇ. ಫಲಿತಾಂಶದ ಒಂದು ಹಾಳೆಯಲ್ಲಿ ಕನ್ನಡದ ಹೆಸರೊಂದರ ಮುಂದೆ ಗೆದ್ದ ಗುರುತು ಬಿದ್ದಿತ್ತು ಅನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ಕ್ರಾಯ್ಡನ್, ಹ್ಯಾಕ್ನಿ, ಲೂಯಿಶಮ್, ನ್ಯೂಹ್ಯಾಮ್, ಟವರ್ ಹ್ಯಾಮ್ಲೆಟ್ಸ್ ಈ ಐದು ಬರೋಗಳಲ್ಲಿ ಮಾತ್ರ ಬೇರೆ ಪದ್ಧತಿ. ಅಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ, ಅಧಿಕಾರವೂ ಅವರದೇ. ಅಲ್ಲಿ ಎರಡು ಫಲಿತಾಂಶ ಓದಬೇಕು. 2022ರಲ್ಲಿ ಕ್ರಾಯ್ಡನ್‌ನ 70 ಸ್ಥಾನಗಳಲ್ಲಿ ಲೇಬರ್‌ಗೆ 34, ಕನ್ಸರ್ವೇಟಿವ್‌ಗೆ 33. ಆದರೆ ಮೇಯರ್ ಸ್ಥಾನ ಗೆದ್ದದ್ದು ಕನ್ಸರ್ವೇಟಿವ್. ಸ್ಥಾನಗಳ ಪಟ್ಟಿಯನ್ನಷ್ಟೇ ನೋಡಿದವರಿಗೆ ಆಡಳಿತ ಯಾರದು ಅನ್ನುವುದು ತಪ್ಪಿಹೋಗುತ್ತದೆ.

ಹೆಜ್ಜೆ 7: ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ?

ಹಾಳೆ ಓದಿ ಮುಗಿಸಿದ ಮೇಲೆ ತಂಗಿಗೆ ಕೇಳಿದೆ, 'ನೀನು ಯಾರಿಗೆ ಹಾಕಿದೆ ಅಂತ ಕೇಳಲ್ಲ, ಹಾಕಿದೆಯಾ?' ಅವಳು ಹಾಕಿರಲಿಲ್ಲ. 'ನಂದು ಇಂಡಿಯನ್ ಪಾಸ್‌ಪೋರ್ಟ್ ಅಲ್ವಾ ಅಕ್ಕಾ' ಅಂದಳು.

ಇದನ್ನು ದಯವಿಟ್ಟು ನಿಮ್ಮವರಿಗೆಲ್ಲ ತಿಳಿಸಿ. ಭಾರತ ಕಾಮನ್‌ವೆಲ್ತ್ ದೇಶ. ಸರಿಯಾದ ವೀಸಾ ಮೇಲೆ ಅಲ್ಲಿ ವಾಸವಾಗಿರುವ, 18 ತುಂಬಿದ ಭಾರತೀಯ ಪ್ರಜೆಗಳು ಇಂಗ್ಲೆಂಡಿನ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಸಂಸತ್ ಚುನಾವಣೆಯಲ್ಲೂ ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಕೆಲಸದ ವೀಸಾದವರಿಗೂ, ಓದಲು ಹೋದವರಿಗೂ ಈ ಹಕ್ಕು ಇದೆ.

ಆದರೆ ಹೆಸರು ತಾನಾಗಿಯೇ ಸೇರುವುದಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ತುಂಬಬೇಕು. ವಿಳಾಸ, ಹುಟ್ಟಿದ ದಿನಾಂಕ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ತೆರಿಗೆ, ಸಾಮಾಜಿಕ ಭದ್ರತೆಗಾಗಿ ಅಲ್ಲಿನ ಸರ್ಕಾರ ಕೊಡುವ ಸಂಖ್ಯೆ) ಕೈಯಲ್ಲಿರಲಿ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಇದು ಮುಗಿಯಬೇಕು. 2023ರಿಂದ ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ದಾಖಲೆ ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ತಂಗಿಯ ಬೀದಿಯಲ್ಲಿ ಐದು ಕನ್ನಡದ ಮನೆಗಳಿವೆ. ಐದೂ ಮನೆಯವರು ಅವಳ ಹಾಗೆಯೇ ಅಂದುಕೊಂಡಿದ್ದರು. ಮುಂದಿನ ಭಾನುವಾರ ಎಲ್ಲರೂ ಅವಳ ಅಡುಗೆಮನೆಯ ಮೇಜಿನ ಸುತ್ತ ಕೂತು ಫೋನಿನಲ್ಲೇ ಅರ್ಜಿ ತುಂಬಿದರು. ಒಟ್ಟು ಹನ್ನೊಂದು ಜನ. ಕಾಫಿ ಆರುವುದರೊಳಗೆ ಕೆಲಸ ಮುಗಿದಿತ್ತು ಅಂತ ಸಂಜೆ ಫೋನ್ ಮಾಡಿ ಹೇಳಿದಳು.