ಅಂಗಳದಡಿಯ ಹಳೇ ಆಯಿಲ್ ಟ್ಯಾಂಕ್ ತೆಗೆಸುವಾಗ: ನ್ಯೂಜೆರ್ಸಿಯಲ್ಲಿ ಮನೆ ಇರುವವರಿಗೆ

ನ್ಯೂಜೆರ್ಸಿಯಲ್ಲಿ ಹಳೇ ಮನೆ ಕೊಳ್ಳಹೊರಟಿದ್ದರೆ ಅಡುಗೆಮನೆ, ಛಾವಣಿ ನೋಡುವ ಮೊದಲು ಅಂಗಳ ನೋಡಿ. ಈಗ ಗ್ಯಾಸ್ ಉರಿಯುತ್ತಿರುವ ಎಷ್ಟೋ ಮನೆಗಳು ಹಿಂದೆ ಹೀಟಿಂಗ್ ಆಯಿಲ್‌ನಿಂದ ಬೆಚ್ಚಗಿದ್ದವು. ಗ್ಯಾಸ್ ಬಂದಾಗ ಫರ್ನೇಸ್ ಬದಲಾಯಿತು, ಉಕ್ಕಿನ ಟ್ಯಾಂಕ್ ಮಣ್ಣಲ್ಲೇ ಉಳಿಯಿತು. ಹೊರಗಿನಿಂದ ಮಣ್ಣಿನ ತೇವ, ಒಳಗಿನಿಂದ ತಳ ಸೇರಿದ ನೀರು, ಎರಡೂ ಸೇರಿ ಅದನ್ನು ತಿನ್ನುತ್ತವೆ. ಸೋರಿದರೆ ಶುದ್ಧಿ ಮಾಡಿಸುವ ಹೊರೆ ಸಾಮಾನ್ಯವಾಗಿ ಈಗಿನ ಮಾಲೀಕರ ತಲೆಗೇ ಬರುತ್ತದೆ, ಮನೆಯ ಇನ್ಶೂರೆನ್ಸ್ ಹೆಚ್ಚಿನ ಪಾಲು ಇದಕ್ಕೆ ಹಣ ಕೊಡುವುದಿಲ್ಲ. ಹಾಗಾಗಿ ಟ್ಯಾಂಕ್ ಇದೆ ಎಂದು ಗೊತ್ತಾದರೆ ಮನೆ ನಿಮ್ಮ ಹೆಸರಿಗಾಗುವ ಕ್ಲೋಸಿಂಗ್‌ಗೆ ಮೊದಲೇ, ಮಾರುವವರ ಖರ್ಚಿನಲ್ಲೇ ತೆಗೆಸುವ ಷರತ್ತು ಹಾಕಿ.

ಗುರುತು ಹಿಡಿಯುವುದು ಕಷ್ಟವಲ್ಲ. ಗೋಡೆ ಪಕ್ಕ ನೆಟ್ಟಗೆ ನಿಂತು ತಲೆಗೆ ಅಣಬೆಯಂಥ ಟೋಪಿ ಹೊತ್ತ ಪೈಪು ಗಾಳಿಯದು. ಹುಲ್ಲಿನ ನಡುವೆ ಲೋಹದ ಮುಚ್ಚಳವಿರುವುದು ಎಣ್ಣೆ ತುಂಬುವ ಪೈಪು. ಬೇಸ್‌ಮೆಂಟಿನ ಗೋಡೆಯಿಂದ ಹೊರಬಂದು, ಕತ್ತರಿಸಿ ಬಾಯಿ ಚಪ್ಪಟೆ ಮಾಡಿದ ಪೆನ್ಸಿಲ್ ದಪ್ಪದ ತಾಮ್ರದ ಕೊಳವೆ ಕಂಡರಂತೂ ಅನುಮಾನ ಬಲವಾಗಬೇಕು. ಇವೇನೂ ಕಾಣದಿದ್ದರೂ ಹಳೇ ಮನೆಯಾದರೆ ಲೋಹಶೋಧಕ, ರೇಡಾರ್ ಹಿಡಿದು ಹುಡುಕುವ ಟ್ಯಾಂಕ್ ಸ್ವೀಪ್ ಮಾಡಿಸಿ. ತೆಗೆಯುವ ಕಂಪನಿಗಿಂತ ಬೇರೆಯವರಿಂದ ಮಾಡಿಸಿದರೆ ಒಳ್ಳೆಯದು.

ಇನ್ನು ಕಂಟ್ರಾಕ್ಟರ್. ಮೂವರಿಂದ ಕೊಟೇಶನ್ ತರಿಸಿ. ಕಂಪನಿಗೂ ಕೆಲಸಕ್ಕೆ ಬರುವ ವ್ಯಕ್ತಿಗೂ ರಾಜ್ಯದ ಪರಿಸರ ಇಲಾಖೆಯ, ಅಂದರೆ ಡಿಇಪಿಯ, ಟ್ಯಾಂಕ್ ಕ್ಲೋಷರ್ (ಟ್ಯಾಂಕ್ ತೆಗೆದು ಮುಗಿಸುವ ಕೆಲಸದ) ಪ್ರಮಾಣಪತ್ರ ಇದೆಯೇ ಎಂದು ಕೇಳಿ, ಇಲಾಖೆಯ ಪಟ್ಟಿಯಲ್ಲಿ ನೀವೇ ನೋಡಿಕೊಳ್ಳಿ. ಇನ್ಶೂರೆನ್ಸ್ ಇದೆ ಎಂಬ ಮಾತು ಸಾಲದು. ಸಾಮಾನ್ಯ ಲಯಬಿಲಿಟಿ ಪಾಲಿಸಿಯಲ್ಲಿ ಮಾಲಿನ್ಯ ಸೇರಿರದೇ ಇರಬಹುದು, ಆದ್ದರಿಂದ ಪೊಲ್ಯೂಷನ್ ಲಯಬಿಲಿಟಿ ಎಂದೇ ಬರೆದಿರುವ ಸರ್ಟಿಫಿಕೇಟ್ ತರಿಸಿ. ಟೌನ್‌ಶಿಪ್ಪಿನ (ಊರಿನ ಸ್ಥಳೀಯ ಆಡಳಿತದ) ಪರ್ಮಿಟ್ ಕಂಟ್ರಾಕ್ಟರ್ ಹೆಸರಲ್ಲೇ ಇರಲಿ. ಪರ್ಮಿಟ್ ಇಲ್ಲದೆ ಅಗ್ಗಕ್ಕೆ ಮುಗಿಸಿಕೊಡುತ್ತೇವೆ ಎನ್ನುವವರನ್ನು ಗೇಟಿನಿಂದಲೇ ಕಳಿಸಿಬಿಡಿ. ಮನೆ ಮಾರುವ ದಿನ ಕೊಳ್ಳುವವರ ವಕೀಲರು ಕೇಳುವುದೇ ಆ ಕಾಗದ.

ಕೊಟೇಶನ್ನಿನ ಒಟ್ಟು ಮೊತ್ತಕ್ಕಿಂತ ಒಳಗಿನ ಸಾಲುಗಳನ್ನು ಓದಿ. ಉಳಿದ ಎಣ್ಣೆ ಹೀರಿ ತೆಗೆಯಲು ಗ್ಯಾಲನ್ನಿಗೆಷ್ಟು, ಎಷ್ಟು ಗ್ಯಾಲನ್ ಒಳಗೊಂಡಿದೆ? ತಳದ ಕೆಸರು ವಿಲೇವಾರಿ ಇದರಲ್ಲೇ ಬಂತೇ? ಕಾಂಕ್ರೀಟ್ ಅಥವಾ ಟಾರು ಒಡೆಯಬೇಕಾದರೆ ಸರಿಪಡಿಸುವವರು ಯಾರು? ಎಲ್ಲಕ್ಕಿಂತ ಮುಖ್ಯ, ಮಣ್ಣು ಕೆಟ್ಟಿದ್ದರೆ ಟನ್ನಿಗೆ ಎಷ್ಟು. ಅಗ್ಗದ ಕೊಟೇಶನ್‌ಗಳಲ್ಲಿ ಇದೊಂದೇ ಸಾಲು ಇರುವುದಿಲ್ಲ, ಗುಂಡಿ ತೆರೆದ ಮೇಲೆ ಬಾಯಿಗೆ ಬಂದ ದರ ಹೇಳುತ್ತಾರೆ. ಆ ಹೊತ್ತಿಗೆ ಚೌಕಾಸಿ ಮಾಡುವ ಸ್ಥಿತಿ ನಿಮ್ಮದಾಗಿರುವುದಿಲ್ಲ.

ಅಗೆಯುವ ಮೊದಲು, ಕನಿಷ್ಠ 3 ಕೆಲಸದ ದಿನ ಮುಂಚೆ, ನೆಲದಡಿಯ ಪೈಪು, ವೈರು ಎಲ್ಲಿವೆ ಎಂದು ಬಣ್ಣ ಹಾಕಿ ಗುರುತಿಸುವ 811 ಸೇವೆಗೆ ಕಂಟ್ರಾಕ್ಟರ್ ಕರೆ ಮಾಡಬೇಕು. ಅಂಗಳದಲ್ಲಿ ಹಳದಿ ಬಣ್ಣ ಬಿದ್ದರೆ ಗ್ಯಾಸ್, ಕೆಂಪು ಕರೆಂಟು, ನೀಲಿ ನೀರು. ನಿಮ್ಮದೇ ಸ್ಪ್ರಿಂಕ್ಲರ್ ಪೈಪು, ತೋಟದ ದೀಪದ ವೈರು ಅವರು ಗುರುತಿಸುವುದಿಲ್ಲ, ನೀವೇ ತೋರಿಸಿ.

ಕೆಲಸದ ದಿನ ರಜೆ ಹಾಕಿ ಮನೆಯಲ್ಲಿರಿ. ಕ್ರಮ ಹೀಗೆ: ಟ್ಯಾಂಕಿನ ಮೇಲಿನ ಮಣ್ಣು ತೆಗೆದು ಎಣ್ಣೆ ಹೀರುತ್ತಾರೆ, ಮೀಟರಿನಿಂದ ಆವಿ ಪರೀಕ್ಷಿಸಿ, ಮೇಲ್ಭಾಗ ಕತ್ತರಿಸಿ, ಕೆಸರು ಬಳಿದು ಡ್ರಮ್ಮಿಗೆ ತುಂಬಿ ಒಳಗೆಲ್ಲ ಒರೆಸುತ್ತಾರೆ. ಒರೆಸದೆ ಎತ್ತಿದರೆ ಆ ಕೆಸರೇ ಗುಂಡಿಗೆ ಸುರಿದು, ಇಲ್ಲದ ಸೋರಿಕೆಯನ್ನು ಇದ್ದಂತೆ ತೋರಿಸುತ್ತದೆ. 1000 ಗ್ಯಾಲನ್, ಅಂದರೆ 3785 ಲೀಟರಿನ ಟ್ಯಾಂಕ್ ಸುಮಾರು 4 ಅಡಿ ದಪ್ಪ, 10 ಅಡಿಗೂ ಹೆಚ್ಚು ಉದ್ದ. ಅದು ಸರಪಳಿಯಲ್ಲಿ ಮೇಲೆ ಬಂದಾಗ ಅಂಟಿದ ಮಣ್ಣು ಸಲಿಕೆಯಿಂದ ಕೆರೆಸಿ, ತಳ ನೋಡಿ. ತುಕ್ಕಿನ ಗಂಟು ತಟ್ಟಿದರೆ ಉದುರಿ, ಬೆಂಕಿಕಡ್ಡಿ ತೂರುವಷ್ಟು ತೂತು ಕಾಣಬಹುದು. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಗುಂಡಿ ನೋಡಿ: ಬೂದು ಅಥವಾ ಕಪ್ಪಗಾದ ಮಣ್ಣು, ಡೀಸೆಲ್ ವಾಸನೆ, ನೀರಿದ್ದರೆ ಮೇಲೆ ಕಾಮನಬಿಲ್ಲಿನಂಥ ಪೊರೆ.

ಟೌನ್‌ಶಿಪ್ಪಿನ ಇನ್‌ಸ್ಪೆಕ್ಟರ್ ನೋಡುವ ತನಕ ಒಂದು ಬುಟ್ಟಿ ಮಣ್ಣೂ ಒಳಗೆ ಬೀಳಬಾರದು. ಮಣ್ಣು ಚೆನ್ನಾಗಿ ಕಂಡರೂ ಟ್ಯಾಂಕಿನ ತಳದ ಮಟ್ಟದಿಂದ ಸ್ಯಾಂಪಲ್ ತೆಗೆಸಿ, ಪ್ರಮಾಣಿತ ಲ್ಯಾಬಿನಲ್ಲಿ ಇಪಿಎಚ್ ಪರೀಕ್ಷೆ (ಮಣ್ಣಲ್ಲಿ ಪೆಟ್ರೋಲಿಯಂ ಎಣ್ಣೆಯ ಅಂಶ ಎಷ್ಟಿದೆ ಎಂದು ಅಳೆಯುವುದು) ಮಾಡಿಸಿಟ್ಟುಕೊಳ್ಳಿ. ಗುಂಡಿ ಮುಚ್ಚಿದ ಮೇಲೆ ಅದೇ ಸ್ಯಾಂಪಲ್ಲಿಗೆ ಯಂತ್ರ ತರಿಸಿ ಕೊರೆಯಬೇಕಾಗುತ್ತದೆ.

ಸೋರಿಕೆ ಕಂಡರೆ ಡಿಇಪಿ ಹಾಟ್‌ಲೈನಿಗೆ ತಕ್ಷಣ ತಿಳಿಸುವುದು ಕಾನೂನು, ಮುಚ್ಚಿಡುವ ಸಲಹೆಗೆ ಕಿವಿ ಕೊಡಬೇಡಿ. ಆದರೆ ಅದೇ ಮಧ್ಯಾಹ್ನ ಲಾರಿಗಟ್ಟಲೆ ಮಣ್ಣು ತೆಗೆಯಲು ಸಹಿ ಹಾಕುವುದೂ ಬೇಡ. ಗುಂಡಿಗೆ ಪ್ಲಾಸ್ಟಿಕ್ ಹಾಸಿ ತಾತ್ಕಾಲಿಕವಾಗಿ ಭದ್ರಪಡಿಸಿ, ಲ್ಯಾಬ್ ಫಲಿತಾಂಶ ಹಿಡಿದು ಬೇರೆ ಕಂಪನಿಯಿಂದಲೂ ದರ ಕೇಳಿ. ಮಣ್ಣು ಕೆಟ್ಟಿದೆ ಎಂದು ಹೇಳುವವರಿಗೇ ಅದನ್ನು ತೆಗೆಯುವ ಲಾಭವೂ ಇರುವುದರಿಂದ ಈ ಎರಡನೇ ಅಭಿಪ್ರಾಯ ಬೇಕೇ ಬೇಕು. ಶುದ್ಧಿ ಮುಗಿದ ಮೇಲೆ ಡಿಇಪಿಯಿಂದ ನೋ ಫರ್ದರ್ ಆಕ್ಷನ್, ಅಂದರೆ ಇನ್ನೇನೂ ಮಾಡಬೇಕಿಲ್ಲ ಎಂಬ, ಪತ್ರ ಬರಬೇಕು.

ತುಂಬುವ ಮಣ್ಣಿನ ಲೆಕ್ಕವೂ ಇರಲಿ. 550 ಗ್ಯಾಲನ್ ಟ್ಯಾಂಕ್ ಬಿಟ್ಟ ಜಾಗಕ್ಕೇ ಸುಮಾರು 2.7 ಘನ ಗಜ ಬೇಕು, 1000ಕ್ಕೆ ಸುಮಾರು 5. ಪದರ ಪದರವಾಗಿ ದಮ್ಮಸು ಮಾಡದಿದ್ದರೆ ಒಂದೆರಡು ಮಳೆಗೆ ಅಂಗಳ ಕುಸಿಯುತ್ತದೆ. ಶುದ್ಧ ಮಣ್ಣು ಎಲ್ಲಿಂದ ಬಂತೆಂಬ ರಸೀತಿ, ಎಣ್ಣೆ ಮತ್ತು ಕೆಸರಿನ ವಿಲೇವಾರಿ ಪತ್ರ, ಟ್ಯಾಂಕ್ ಗುಜರಿಗೆ ಹೋದ ರಸೀತಿ, ಟೌನ್‌ಶಿಪ್ಪಿನ ಅನುಮೋದನೆ ಕೈ ಸೇರುವ ತನಕ ಕೊನೆಯ ಕಂತು ಕೊಡಬೇಡಿ. ಈ ಷರತ್ತನ್ನು ಒಪ್ಪಂದದಲ್ಲೇ ಬರೆಸಿ.

ಬೇಸ್‌ಮೆಂಟಿನಲ್ಲಿ ನಿಂತ 275 ಗ್ಯಾಲನ್ ಟ್ಯಾಂಕಾದರೆ ಅಗೆತವಿಲ್ಲ, ಕೆಲಸ ಹಗುರ. ಆದರೆ ಒಂದು ಮರೆವು ಮನೆಯನ್ನೇ ಹಾಳು ಮಾಡುತ್ತದೆ. ಟ್ಯಾಂಕ್ ಹೋಗಿ ಗೋಡೆಯ ಹೊರಗೆ ತುಂಬುವ ಪೈಪು ಮಾತ್ರ ಉಳಿದು, ವಿಳಾಸ ತಪ್ಪಿದ ಎಣ್ಣೆ ಲಾರಿ ಅದಕ್ಕೆ ಕೊಳವೆ ಜೋಡಿಸಿ, ನೂರಾರು ಗ್ಯಾಲನ್ ಎಣ್ಣೆ ನೇರ ಬೇಸ್‌ಮೆಂಟಿನ ನೆಲಕ್ಕೆ ಸುರಿದದ್ದಿದೆ. ತುಂಬುವ ಪೈಪು, ಗಾಳಿ ಪೈಪು ಎರಡನ್ನೂ ಅದೇ ದಿನ ಕೀಳಿಸಿ, ಗೋಡೆಯ ತೂತಿಗೆ ಸಿಮೆಂಟ್ ಹಾಕಿಸಿ, ಎಣ್ಣೆ ಕಂಪನಿಯ ಆಟೋಮ್ಯಾಟಿಕ್ ಡೆಲಿವರಿಯನ್ನು ಬರಹದಲ್ಲೇ ರದ್ದು ಮಾಡಿಸಿ.