ಕ್ಯಾಮೆರಾದಿಂದ ಕಂಪ್ಯೂಟರ್‌ಗೆ ಫೋಟೊ: ಕಾಪಿ ಬೇಗ ಮುಗಿಸುವುದು ಹೇಗೆ?

ಕಾಪಿ ನಿಧಾನ ಆಯ್ತು ಅಂದ್ರೆ ಎಲ್ಲರೂ ಮೊದಲು ಬೈಯುವುದು ಕಂಪ್ಯೂಟರನ್ನು. ಎಷ್ಟೋ ಸಲ ಅದರ ತಪ್ಪೇನೂ ಇರುವುದಿಲ್ಲ. ಮೆಮೊರಿ ಕಾರ್ಡ್, ಅದನ್ನು ಓದುವ ರೀಡರ್, ಕೇಬಲ್, ಪೋರ್ಟ್, ಡಿಸ್ಕ್ ಇಷ್ಟನ್ನೂ ದಾಟಿ ಫೋಟೊ ಬರಬೇಕು, ಇವುಗಳಲ್ಲಿ ಯಾವುದು ತೀರಾ ನಿಧಾನವೋ ಅದರ ವೇಗಕ್ಕಿಂತ ಜಾಸ್ತಿ ಸಿಗುವುದಿಲ್ಲ.

ಮೊದಲು ಕ್ಯಾಮೆರಾಗೆ ಕೇಬಲ್ ಸಿಕ್ಕಿಸುವುದನ್ನು ಬಿಡಿ. ಕಾರ್ಡ್ ಹೊರಗೆ ತೆಗೆದು ರೀಡರ್‌ಗೆ ಹಾಕಿ. ಎಷ್ಟೋ ಕ್ಯಾಮೆರಾಗಳ ಪೋರ್ಟ್ ಇನ್ನೂ ಹಳೆಯ, ನಿಧಾನದ ಯುಎಸ್‌ಬಿ 2.0. ಹೊಸ ಸಿ ಆಕಾರದ ಪೋರ್ಟ್ ಇದ್ದರೂ ಒಳಗೆ ಅದೇ ಹಳೆಯದು ಇರಬಹುದು, ಆಕಾರ ನೋಡಿ ಮೋಸ ಹೋಗಬೇಡಿ. ವೈಫೈ ನಾಲ್ಕು ಫೋಟೊ ಕಳಿಸಲು ಸರಿ, ಕಾರ್ಡ್ ತುಂಬಾ ಇದ್ದರೆ ಸುಮ್ನೆ ಕಾಯುವ ಕೆಲಸ.

ಈಗ ವೇಗ ನೋಡಿ. ವಿಂಡೋಸ್‌ನಲ್ಲಿ ಕಾಪಿ ಆಗುವಾಗ ಬರುವ ಪುಟ್ಟ ಕಿಟಕಿಯಲ್ಲಿ 'ಮೋರ್ ಡೀಟೇಲ್ಸ್' ಒತ್ತಿದರೆ ಸೆಕೆಂಡಿಗೆ ಎಷ್ಟು ಎಂಬಿ ಹೋಗುತ್ತಿದೆ ಅಂತ ಕಾಣುತ್ತದೆ. ಅದು 30-40ರ ಹತ್ತಿರವೇ ನಿಂತಿದ್ದರೆ ಎಲ್ಲೋ ಒಂದು ಕಡೆ ಯುಎಸ್‌ಬಿ 2.0 ಸೇರಿಕೊಂಡಿರುವ ಸಾಧ್ಯತೆ ಜಾಸ್ತಿ. ಯುಎಸ್‌ಬಿ 2.0ಕ್ಕೆ ಹೇಳುವ ಸೆಕೆಂಡಿಗೆ 480 ಮೆಗಾಬಿಟ್ ಅಂದ್ರೆ (ಎಂಟು ಬಿಟ್‌ಗೆ ಒಂದು ಬೈಟ್) ಲೆಕ್ಕಕ್ಕೆ 60 ಎಂಬಿ, ಕೈಗೆ ಸಿಗುವುದು ಇನ್ನೂ ಕಡಿಮೆ. ರೀಡರನ್ನು ಹಬ್‌ಗೆ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಸಿಕ್ಕಿಸಿದ್ದರೆ ಕಿತ್ತು ನೇರವಾಗಿ ಕಂಪ್ಯೂಟರ್‌ಗೆ ಹಾಕಿ. ಒಳಗೆ ನೀಲಿ ಬಣ್ಣ ಇರುವ ಪೋರ್ಟ್ ಸಾಮಾನ್ಯವಾಗಿ ಹೆಚ್ಚು ವೇಗದ ಯುಎಸ್‌ಬಿ 3.0, ಅಲ್ಲಿ ಹಾಕಿ ನೋಡಿ. ಕೇಬಲ್ ಇರುವ ರೀಡರ್ ಆದರೆ ಫೋನ್ ಚಾರ್ಜರ್ ಜೊತೆ ಬಂದ ಕೇಬಲ್ ಬಳಸಬೇಡಿ, ಅವುಗಳಲ್ಲಿ ಬಹಳಷ್ಟು ಚಾರ್ಜಿಂಗ್‌ಗೆ ಚೆನ್ನ, ಡೇಟಾಕ್ಕೆ 2.0 ಅಷ್ಟೇ.

32 ಜಿಬಿ ಕಾರ್ಡ್ ಪೂರ್ತಿ ತುಂಬಿದೆ ಅಂದುಕೊಳ್ಳಿ. ಸೆಕೆಂಡಿಗೆ 35 ಎಂಬಿಯಂತೆ ಕಾಲು ಗಂಟೆ ಬೇಕು, 90 ಸಿಕ್ಕರೆ ಆರು ನಿಮಿಷದಲ್ಲಿ ಮುಗಿಯುತ್ತದೆ.

90ರ ಆಸುಪಾಸಿಗೆ ಬಂದು ನಿಂತರೆ ಎಸ್‌ಡಿ ಕಾರ್ಡ್‌ಗಳ ಯುಎಚ್‌ಎಸ್-1 ಎಂಬ ವೇಗದ ದರ್ಜೆಯ ಮಿತಿ ಮುಟ್ಟಿದಿರಿ ಅಂತ, ಅದರ ಗರಿಷ್ಠವೇ 104. ಇನ್ನೂ ಬೇಕಾದರೆ ಕಾರ್ಡ್ ತಿರುಗಿಸಿ ನೋಡಿ: ಹಿಂದೆ ಚಿನ್ನದ ಬಣ್ಣದ ಪಿನ್ನುಗಳು ಎರಡು ಸಾಲು ಇದ್ದರೆ ಅದು ಇನ್ನೂ ವೇಗದ ಯುಎಚ್‌ಎಸ್-2, ರೀಡರ್ ಕೂಡ ಯುಎಚ್‌ಎಸ್-2 ಆಗಿದ್ದರೆ ಮಾತ್ರ ಎರಡನೇ ಸಾಲು ಕೆಲಸಕ್ಕೆ ಬರುತ್ತದೆ. ದುಬಾರಿ ಕಾರ್ಡ್ ತಂದು ಹಳೇ ರೀಡರ್‌ಗೆ ಹಾಕಿದರೆ ಏನು ಬಂತು? ಇನ್ನೊಂದು ಮಾತು, ಕಾರ್ಡ್ ಮೇಲಿನ ವಿ30 ಗುರುತು ಬರೆಯುವ ಕನಿಷ್ಠ ವೇಗದ್ದು, ಕಂಪ್ಯೂಟರ್‌ಗೆ ಕಾಪಿ ಎಷ್ಟು ಬೇಗ ಆಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಇಷ್ಟಾದರೂ ವೇಗ ಏರಿ ಇಳಿದು ಮಾಡುತ್ತಿದ್ದರೆ ಫೋಟೊ ಹೋಗಿ ಕೂರುವ ಡಿಸ್ಕ್ ಕಡೆ ಅನುಮಾನಪಡಿ. ಹಳೇ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಕಾಪಿ ಮಾಡಿ, ಆಮೇಲೆ ಬಿಡುವಾದಾಗ ಅಲ್ಲಿಂದ ಸಾಗಿಸಿ. ಲೈಟ್‌ರೂಮ್‌ನಂಥ ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಇಂಪೋರ್ಟ್ ಮಾಡುವವರು ದೊಡ್ಡ ಪ್ರಿವ್ಯೂ ಆಯ್ಕೆ ತೆಗೆದುಬಿಡಿ, ಕಾಪಿ ಮುಗಿದರೂ ಅದು ಪ್ರಿವ್ಯೂ ತಯಾರಿಸುತ್ತಾ ಕೂತಿರುತ್ತದೆ. ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ ಫೈಲ್) ಜೊತೆ ಜೆಪೆಗ್ ಕೂಡ ತೆಗೆಯುವ ಅಭ್ಯಾಸ ಇದ್ದರೆ, ಆ ಜೆಪೆಗ್ ನಿಜಕ್ಕೂ ಬೇಕಾ ಯೋಚಿಸಿ.

ಒಂದು ಕಡೆ ಮಾತ್ರ ಅವಸರ ಬೇಡ. ಕಟ್ ಮಾಡಬೇಡಿ, ಕಾಪಿಯನ್ನೇ ಮಾಡಿ, ಮಧ್ಯದಲ್ಲಿ ಕೇಬಲ್ ಕಿತ್ತುಬಂದರೂ ಕಾರ್ಡ್‌ನಲ್ಲಿ ಫೋಟೊ ಇರುತ್ತದೆ. ಮುಗಿದ ಮೇಲೆ ಇಜೆಕ್ಟ್ ಕೊಟ್ಟು ಕಾರ್ಡ್ ತೆಗೆಯಿರಿ, ಕೆಲವು ಫೋಟೊ ತೆರೆದು ನೋಡಿ, ಆಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.